ವಿಲ್ಲಿಸ್ ವ್ಯಾಗನ್ನಿಗೆ ಡೀಸೆಲ್ ಎಂಜಿನ್: ಸುತ್ತುಗಳ ಲೆಕ್ಕ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅಮೆರಿಕದ ಓಹಾಯೊ ರಾಜ್ಯದ ಟೊಲೀಡೊ ನಗರದ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿಯು ಯುದ್ಧಭೂಮಿಯಲ್ಲಿ ಹೆಸರು ಮಾಡಿದ್ದ ಜೀಪಿನ ಎಂಜಿನ್ನನ್ನೇ ಉಳಿಸಿಕೊಂಡು, ಅದರ ಮೇಲೆ ಸಂಸಾರವೊಂದು ಸಾಮಾನು ಸರಂಜಾಮಿನೊಡನೆ ಕೂರಬಹುದಾದ ಉಕ್ಕಿನ ಗೂಡನ್ನು ಕಟ್ಟಿ, ಸ್ಟೇಷನ್ ವ್ಯಾಗನ್ ಎಂಬ ವರ್ಗದ ವಾಹನವೊಂದನ್ನು ಮಾರುಕಟ್ಟೆಗೆ ತಂದಿತು. ಚಾವಣಿಯು ಹಿಂಬದಿಯವರೆಗೂ ನೇರವಾಗಿ ಚಾಚಿಕೊಂಡು, ಹಿಂದಿನ ಆಸನದ ಆಚೆಗೆ ಸಾಮಾನಿಡುವ ಜಾಗವೂ ಪ್ರಯಾಣಿಕರ ಕೋಣೆಯ ಭಾಗವೇ ಆಗಿರುವ ಕಾರಿಗೆ ಸ್ಟೇಷನ್ ವ್ಯಾಗನ್ ಎನ್ನುವುದು ವಾಡಿಕೆ. ಅಲ್ಲಿಯವರೆಗೆ ಇಂಥ ಕಾರುಗಳ ಹಿಂಭಾಗವನ್ನು ಬಡಗಿಗಳು ಮರದಲ್ಲಿ ಕಟ್ಟುತ್ತಿದ್ದರು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಪೂರ್ಣ ಉಕ್ಕಿನ ವ್ಯಾಗನ್ನುಗಳಲ್ಲಿ ವಿಲ್ಲಿಸ್‌ನದೇ ಮೊದಲನೆಯದು. ಅದನ್ನು ರೂಪಿಸಿದ ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಕಾರನಿಗೆ ಕಾರಿನ ಗೂಡು ತಯಾರಿಸುವ ದೊಡ್ಡ ಕಾರ್ಖಾನೆಗಳ ನೆರವು ಸಿಕ್ಕಲಿಲ್ಲ. ಮನೆಬಳಕೆಯ ಉಪಕರಣಗಳ ತಗಡು ಒತ್ತುವ ಯಂತ್ರಗಳಿಂದಲೇ ಕೆಲಸ ಸಾಗಿಸಬೇಕಾಗಿದ್ದರಿಂದ, ಆಳವಾದ ಬಾಗುಗಳಿಲ್ಲದ ಚಪ್ಪಟೆ ತಗಡುಗಳ ಮೇಲೆ ಗೆರೆ ಮೂಡಿಸಿ, ಮರದ ಚೌಕಟ್ಟಿನ ಹಾಗೆ ಕಾಣುವಂತೆ ಬಣ್ಣ ಬಳಿಯಲಾಯಿತು. ಬಡತನದಿಂದ ಹುಟ್ಟಿದ ಈ ಚಪ್ಪಟೆ ಮೈಯೇ ಇಂದು ಹಳೆಯ ವಾಹನಗಳ ಪ್ರಿಯರಿಗೆ ಅದರ ಚೆಲುವಾಗಿ ತೋರುತ್ತಿದೆ.

ಅಮೆರಿಕದಲ್ಲಿ 1960ರ ದಶಕದ ಮಧ್ಯದವರೆಗೆ ತಯಾರಾದ ಈ ವ್ಯಾಗನ್ ಆ ಬಳಿಕವೂ ಅರ್ಜೆಂಟೀನದಲ್ಲಿ ಎಸ್ತಾನ್ಸಿಯೆರ ಎಂಬ ಹೆಸರಿನಲ್ಲಿ, ಬ್ರೆಜಿಲ್‌ನಲ್ಲಿ ರೂರಲ್ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಬಾಳಿತು. ಗೂಡು ಮತ್ತು ಚಾಸಿ ಇಷ್ಟು ಗಟ್ಟಿಯಾಗಿದ್ದರೂ ಎಂಜಿನ್ ಮಾತ್ರ ಇಂದಿನ ರಸ್ತೆಗೆ ಸಾಲದು ಎಂಬುದು ಅದರ ಒಡೆಯರ ಹಳೆಯ ದೂರು. ಗೋ-ಡೆವಿಲ್ ಎಂಬ ಅಡ್ಡಹೆಸರಿನ ಮೂಲ ಎಂಜಿನ್ನಿನ ಗಾತ್ರ 2.2 ಲೀಟರ್, ಅದರ ಶಕ್ತಿ ನಿಮಿಷಕ್ಕೆ 4,000 ಸುತ್ತುಗಳಲ್ಲಿ 60 ಅಶ್ವಶಕ್ತಿ, ತಿರುಗುವ ದಂಡಕ್ಕೆ ಅದು ಕೊಡುವ ತಿರುಚುಬಲ, ಎಂದರೆ ಗ್ಯಾರೇಜುಗಳಲ್ಲಿ ಟಾರ್ಕ್ ಎನ್ನುವುದು, ಸುಮಾರು 142 ನ್ಯೂಟನ್ ಮೀಟರ್. ಹೆಚ್ಚುಕಡಿಮೆ ಒಂದೂವರೆ ಟನ್ನಿನ ನಾಲ್ಕು ಚಕ್ರ ಚಾಲನೆಯ ವ್ಯಾಗನ್ನನ್ನು ತುಂಬು ಹೊರೆಯೊಡನೆ ಘಟ್ಟ ಹತ್ತಿಸಲು ಈ ಬಲ ಸಾಲದೆ, ಚಾಲಕನು ಗೇರ್ ಇಳಿಸಿ, ಪೆಟ್ರೋಲು ಸುಡುತ್ತಾ ತೆವಳಬೇಕಾಗುತ್ತದೆ. ಡೀಸೆಲ್ ಎಂಜಿನ್ನಿನ ಯೋಚನೆ ಹುಟ್ಟುವುದು ಇಲ್ಲಿಂದ.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ತಾಗಬೇಕು. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನು ಬರಿಯ ಗಾಳಿಯನ್ನು ಅದು ಕೆಂಡದಂತೆ ಕಾಯುವಷ್ಟು ಒತ್ತಿ, ಅದರೊಳಗೆ ನಾಝಲ್ ಸಿಂಪಡಿಸಿದ ಇಂಧನವು ತಾನಾಗಿ ಹೊತ್ತಿಕೊಳ್ಳುತ್ತದೆ. ಗೋ-ಡೆವಿಲ್ ಎಂಜಿನ್ನು ತನ್ನೊಳಗಿನ ಮಿಶ್ರಣವನ್ನು ಮೂಲ ಗಾತ್ರದ ಆರೂವರೆಯಲ್ಲೊಂದು ಭಾಗಕ್ಕಷ್ಟೇ ಒತ್ತುತ್ತಿದ್ದರೆ, ಡೀಸೆಲ್ ಎಂಜಿನ್ನುಗಳಲ್ಲಿ ಈ ಒತ್ತಡದ ಅನುಪಾತವು ಹದಿನಾರರಿಂದ ಇಪ್ಪತ್ತೆರಡರವರೆಗೂ ಹೋಗುತ್ತದೆ. ಒತ್ತಡ ಹೆಚ್ಚಿದಷ್ಟೂ ಸುಟ್ಟ ಇಂಧನದಿಂದ ದಕ್ಕುವ ಕೆಲಸವೂ ಹೆಚ್ಚುತ್ತದೆ. ಒಳಬರುವ ಗಾಳಿಯನ್ನು ಕಟ್ಟಿಹಾಕುವ ಥ್ರಾಟಲ್ ಎಂಬ ಬಾಗಿಲು ಇಲ್ಲದ್ದರಿಂದ ಕಡಿಮೆ ಹೊರೆಯಲ್ಲೂ ಶಕ್ತಿ ಸೋರುವುದಿಲ್ಲ. ಇದರ ಮೇಲೆ ಒಂದು ಲೀಟರ್ ಡೀಸೆಲ್‌ನಲ್ಲಿ ಅಷ್ಟೇ ಪೆಟ್ರೋಲ್‌ಗಿಂತ ನೂರಕ್ಕೆ ಹತ್ತು-ಹನ್ನೆರಡರಷ್ಟು ಹೆಚ್ಚಿನ ಶಾಖ ಅಡಗಿದೆ. ಆದರೆ ಅಷ್ಟು ಒತ್ತಡವನ್ನು ತಾಳಲು ಪಿಸ್ಟನ್, ಕ್ರ್ಯಾಂಕ್, ಬ್ಲಾಕ್ ಎಲ್ಲವೂ ದಪ್ಪವಾಗಬೇಕು, ದಪ್ಪವಾದದ್ದು ನಿಧಾನವಾಗಿ ತಿರುಗಬೇಕು. ಎಂಜಿನ್ ಬದಲಾವಣೆಯ ಎಲ್ಲ ತೊಡಕುಗಳ ಬೇರು ಈ ತೂಕ ಮತ್ತು ಈ ನಿಧಾನದಲ್ಲಿದೆ.

ಜೀಪಿನ ವಂಶಕ್ಕೆ ಡೀಸೆಲ್ ಹೊಸದೇನೂ ಅಲ್ಲ. ಸಿಜೆ-5 ಜೀಪಿಗೆ 1961ರಿಂದ ಬ್ರಿಟನ್ನಿನ ಪರ್ಕಿನ್ಸ್ ಕಂಪನಿಯ ಸುಮಾರು 3.1 ಲೀಟರಿನ ಡೀಸೆಲ್ ಎಂಜಿನ್ನನ್ನು ತಯಾರಕರೇ ಹಾಕಿಕೊಡುತ್ತಿದ್ದರು. ಜಪಾನಿನಲ್ಲಿ ಪರವಾನಗಿ ಪಡೆದು ಜೀಪು ಕಟ್ಟುತ್ತಿದ್ದ ಮಿತ್ಸುಬಿಶಿ ಕಂಪನಿಯೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಡೀಸೆಲ್ ಜೀಪುಗಳನ್ನು ಹೊರತಂದಿತ್ತು. ಭಾರತದಲ್ಲಿ 1940ರ ದಶಕದ ಕೊನೆಯಲ್ಲಿ ಮುಂಬಯಿಯ ಮಜಗಾಂವ್‌ನಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಗೆ ತೊಡಗಿದ ಮಹೀಂದ್ರ ಕಂಪನಿ, ಮುಂದೆ ಇಂಟರ್‌ನ್ಯಾಶನಲ್ ಟ್ರ್ಯಾಕ್ಟರಿನ ಎಂಜಿನ್ನಿನಿಂದ ಬೆಳೆದ ಡೀಸೆಲ್ ಎಂಜಿನ್ನನ್ನೂ, ಅದರ ಬಳಿಕ ಫ್ರಾನ್ಸಿನ ಪ್ಯೂಜೊ ಕಂಪನಿಯ ಪರವಾನಗಿಯ 2,112 ಘನ ಸೆಂಟಿಮೀಟರಿನ ಎಕ್ಸ್‌ಡಿಪಿ 4.90 ಎಂಬ ಎಂಜಿನ್ನನ್ನೂ ತನ್ನ ಜೀಪುಗಳಿಗೆ ಹೂಡಿತು. ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಾಫಿ ತೋಟಗಳಲ್ಲಿ ಪೆಟ್ರೋಲ್ ಎಂಜಿನ್ನು ಕಳಚಿ ಡೀಸೆಲ್ ಎಂಜಿನ್ನು ಕೂರಿಸಿಕೊಂಡ ಹಳೆಯ ಜೀಪುಗಳು ಸಾಮಾನ್ಯ ನೋಟವಾಗಿದ್ದುದಕ್ಕೆ ಹಿನ್ನೆಲೆ ಇದು: ಹೊಂದುವ ಎಂಜಿನ್ನು ಅದೇ ವಂಶದ ಗುಜರಿ ವಾಹನದಲ್ಲಿ ಸಿಗುತ್ತಿತ್ತು, ಡೀಸೆಲ್ ಬೆಲೆಯೂ ಸರಕಾರದ ಹಿಡಿತದಲ್ಲಿ ಪೆಟ್ರೋಲ್‌ಗಿಂತ ತೀರಾ ಕೆಳಗಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲಿನ, 2014ರ ಅಕ್ಟೋಬರ್‌ನಲ್ಲಿ ಡೀಸೆಲ್‌ನ ಬೆಲೆ ನಿಯಂತ್ರಣವನ್ನು ಸರಕಾರ ಕೈಬಿಟ್ಟ ಮೇಲೆ ಈ ಎರಡನೆಯ ಕಾರಣ ಬಹುಮಟ್ಟಿಗೆ ಸವೆದುಹೋಯಿತು.

ಅಮೆರಿಕನ್ನರಿಗೆ ಡೀಸೆಲ್ ವ್ಯಾಗನ್ನಿನ ಬಗ್ಗೆ ಬಹುಕಾಲ ಉಳಿದುಕೊಂಡಿದ್ದ ಅಪನಂಬಿಕೆಯನ್ನೂ ಇಲ್ಲಿ ಹೇಳಬೇಕು. ತೈಲ ಬಿಕ್ಕಟ್ಟಿನ ತರುವಾಯ, 1978ರ ಮಾದರಿ ವರ್ಷದಿಂದ, ಜನರಲ್ ಮೋಟರ್ಸ್‌ನ ಓಲ್ಡ್ಸ್‌ಮೊಬೀಲ್ ವಿಭಾಗವು ತನ್ನ ಕಸ್ಟಮ್ ಕ್ರೂಸರ್ ವ್ಯಾಗನ್ ಸೇರಿದಂತೆ ಹಲವು ಕಾರುಗಳಿಗೆ 5.7 ಲೀಟರಿನ ವಿ-8 ಡೀಸೆಲ್ ಎಂಜಿನ್ನನ್ನು ಇಟ್ಟಿತು. ಹಳೆಯ ಯಂತ್ರೋಪಕರಣಗಳನ್ನೇ ಬಳಸುವ ಉದ್ದೇಶದಿಂದ ಪೆಟ್ರೋಲ್ ಎಂಜಿನ್ನಿನ ಅಳತೆಗಳನ್ನೂ, ಸಿಲಿಂಡರಿನ ಮುಚ್ಚಳವಾದ ಹೆಡ್ಡನ್ನು ಬಿಗಿಯುವ ಬೋಲ್ಟುಗಳ ಜಾಗ ಮತ್ತು ಎಣಿಕೆಯನ್ನೂ ಹಾಗೇ ಉಳಿಸಿಕೊಂಡದ್ದರಿಂದ, 22ಕ್ಕೂ ಮೀರಿದ ಅನುಪಾತದ ಒತ್ತಡವನ್ನು ಆ ಬೋಲ್ಟುಗಳು ತಾಳದೆ ಹಿಗ್ಗಿದವು, ಗ್ಯಾಸ್ಕೆಟ್ಟುಗಳು ಸಿಡಿದವು, ನೀರು ಸಿಲಿಂಡರಿಗೆ ಇಳಿದು ಎಂಜಿನ್ನುಗಳೇ ಹಾಳಾದವು. ಇಂಧನದಲ್ಲಿ ಬೆರೆತ ನೀರನ್ನು ಬೇರ್ಪಡಿಸುವ ಸಾಧನವನ್ನು ಕೊಡದೆ ಇದ್ದುದರಿಂದ ಪಂಪುಗಳೂ ತುಕ್ಕು ಹಿಡಿದವು. 1985ರಲ್ಲಿ ಈ ಎಂಜಿನ್ ನಿಂತುಹೋಯಿತು. ವಿಲ್ಲಿಸ್ ವ್ಯಾಗನ್ನಿಗೆ ಎಂಜಿನ್ ಹುಡುಕುವವರು ಮೊದಲಿನಿಂದ ಕೊನೆಯವರೆಗೂ ಡೀಸೆಲ್‌ಗೆಂದೇ ರೂಪುಗೊಂಡ ಎಂಜಿನ್ನನ್ನೇ ಬಯಸುವುದರ ಹಿಂದೆ ಈ ಕಹಿ ನೆನಪು ಇದೆ.

ಅಂಥ ಎಂಜಿನ್ನುಗಳಲ್ಲಿ ಅಮೆರಿಕದಲ್ಲಿ ಅತ್ಯಂತ ಜನಪ್ರಿಯವಾದದ್ದು ಕಮಿನ್ಸ್ ಕಂಪನಿಯ 4ಬಿಟಿ. 1980ರ ದಶಕದಲ್ಲಿ ಹುಟ್ಟಿದ ಕಮಿನ್ಸ್ ಬಿ ಸರಣಿಯ ನಾಲ್ಕು ಸಿಲಿಂಡರಿನ ಈ ಟರ್ಬೊ ಎಂಜಿನ್ನು ಬ್ರೆಡ್ಡು, ಕುರುಕಲು ತಿಂಡಿಗಳನ್ನು ಅಂಗಡಿಗಳಿಗೆ ಹಂಚುವ ಡಬ್ಬಿಯಾಕಾರದ ವ್ಯಾನುಗಳಲ್ಲಿ ಸಾವಿರಗಟ್ಟಲೆ ಬಳಕೆಯಾಗಿ, ಆ ವ್ಯಾನುಗಳು ಮುದಿಯಾದಂತೆ ಗುಜರಿಗೆ ಬಂದಿತು. ಇದರ ಅಣ್ಣನಾದ ಆರು ಸಿಲಿಂಡರಿನ 5.9 ಲೀಟರ್ ಎಂಜಿನ್ 1989ರಿಂದ ಡಾಜ್ ಪಿಕಪ್ ಟ್ರಕ್ಕುಗಳಲ್ಲಿ ಹೆಸರು ಮಾಡಿತು. ಭಾರತದಲ್ಲಿ 1993ರಲ್ಲಿ ಸ್ಥಾಪನೆಯಾದ ಟಾಟಾ ಕಮಿನ್ಸ್ ಸಂಸ್ಥೆಯು ಇದೇ ಬಿ ಸರಣಿಯ ಎಂಜಿನ್ನುಗಳನ್ನು ಜಮ್ಶೆಡ್‌ಪುರದಲ್ಲಿ ಟಾಟಾ ಲಾರಿಗಳಿಗಾಗಿ ತಯಾರಿಸಿತು. ಬ್ರೆಡ್ಡಿನ ವ್ಯಾನಿನ 4ಬಿಟಿ ಎಂಜಿನ್ನಿನ ಗಾತ್ರ 3.9 ಲೀಟರ್, ಶಕ್ತಿ 105 ಅಶ್ವಶಕ್ತಿ, ತಿರುಚುಬಲ ಸುಮಾರು 360 ನ್ಯೂಟನ್ ಮೀಟರ್, ತೂಕ 340 ಕಿಲೊಗ್ರಾಂನ ಆಸುಪಾಸು. ಪಂಪು, ನಾಝಲ್ ಎಲ್ಲವೂ ಯಾಂತ್ರಿಕವಾಗಿರುವುದರಿಂದ, ಇಂಧನವನ್ನು ತಡೆಹಿಡಿಯುವ ವಿದ್ಯುತ್ ಕವಾಟವೊಂದಕ್ಕೆ 12 ವೋಲ್ಟ್ ಕೊಟ್ಟರೆ ಸಾಕು, ಕಂಪ್ಯೂಟರಿನ ಹಂಗಿಲ್ಲದೆ ಅದು ಓಡುತ್ತದೆ. ಈ ಸರಳತೆಗೆ ಮನಸೋತವರು ಉಳಿದ ಲೆಕ್ಕವನ್ನು ಮರೆಯುತ್ತಾರೆ.

ಆ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ವ್ಯಾಗನ್ನಿನ ಟಯರಿನ ವ್ಯಾಸವನ್ನು 30 ಅಂಗುಲ ಎಂದಿಟ್ಟುಕೊಂಡರೆ ಅದರ ಸುತ್ತಳತೆ ಸುಮಾರು 2.4 ಮೀಟರ್ ಆಗಿ, ಒಂದು ಕಿಲೊಮೀಟರ್ ಸಾಗಲು ಚಕ್ರವು 418 ಸುತ್ತು ಸುತ್ತಬೇಕು. ಹಿಂದಿನ ಆಕ್ಸೆಲ್ಲಿನ ನಡುವಿರುವ ಡಿಫರೆನ್ಷಿಯಲ್ ಎಂಬ ಗುಂಡಿನೊಳಗಿನ ಕ್ರೌನ್ ಮತ್ತು ಪಿನಿಯನ್ ಹಲ್ಲುಚಕ್ರಗಳ ಅನುಪಾತ ನಾಲ್ಕು ಸಿಲಿಂಡರಿನ ನಾಲ್ಕು ಚಕ್ರ ಚಾಲನೆಯ ಹಳೆಯ ವ್ಯಾಗನ್ನುಗಳಲ್ಲಿ 5.38 ಇದ್ದು, ಚಕ್ರ ಒಂದು ಸುತ್ತು ಸುತ್ತಲು ಅದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ದಂಡವು 5.38 ಸುತ್ತು ತಿರುಗಬೇಕು. ಮೂರನೆಯದಾದ ಮೇಲಿನ ಗೇರಿನಲ್ಲಿ ಎಂಜಿನ್ನೂ ಆ ದಂಡವೂ ಸಮನಾಗಿ ತಿರುಗುವುದರಿಂದ, ಕಿಲೊಮೀಟರಿಗೆ ಎಂಜಿನ್ನಿನ ಸುತ್ತುಗಳು ಹೆಚ್ಚುಕಡಿಮೆ 2,250 ಆಗುತ್ತವೆ. ಗೋ-ಡೆವಿಲ್ ಎಂಜಿನ್ನು 4,000 ಸುತ್ತು ತಿರುಗಿದಾಗ ವ್ಯಾಗನ್ನು ಗಂಟೆಗೆ 107 ಕಿಲೊಮೀಟರ್ ಓಡುತ್ತದೆ. 2,500 ಸುತ್ತಿನ ಆಸುಪಾಸಿನಲ್ಲೇ ಪಂಪಿನ ಗವರ್ನರ್ ತಡೆಹಿಡಿಯುವ 4ಬಿಟಿಯನ್ನು ಹಾಗೇ ಜೋಡಿಸಿದರೆ ವೇಗ ಗಂಟೆಗೆ 67 ಕಿಲೊಮೀಟರಿಗೆ ನಿಂತುಬಿಡುತ್ತದೆ. ಒಂದೂಮುಕ್ಕಾಲು ಪಟ್ಟು ಶಕ್ತಿಯ ಎಂಜಿನ್ನು ಹಾಕಿದ ಬಳಿಕ ವಾಹನದ ವೇಗ ಮೊದಲಿಗಿಂತ ಮೂರರಲ್ಲೊಂದು ಪಾಲಿಗೂ ಮಿಕ್ಕಿ ಕುಗ್ಗುವ ಈ ವಿಪರೀತವನ್ನು ಎಂಜಿನ್ ಕೊಂಡ ಮೇಲೆ ಕಂಡುಕೊಂಡವರು ಕಡಿಮೆಯಿಲ್ಲ.

ಪರಿಹಾರ ಇದೆ. ಕ್ರೌನ್ ಮತ್ತು ಪಿನಿಯನ್ನನ್ನು 3.54ರ ಅನುಪಾತಕ್ಕೆ ಬದಲಿಸಿದರೆ ಅದೇ 2,500 ಸುತ್ತಿನಲ್ಲಿ ವೇಗ ನೂರು ಕಿಲೊಮೀಟರ್ ದಾಟುತ್ತದೆ. ಹೀಗೆ ಅನುಪಾತ ಇಳಿಸಿದರೂ 4ಬಿಟಿಯ ತಿರುಚುಬಲ ಎರಡೂವರೆ ಪಟ್ಟು ಹೆಚ್ಚಿರುವುದರಿಂದ ಚಕ್ರಕ್ಕೆ ಸೇರುವ ಎಳೆತ ಮೊದಲಿಗಿಂತ ಒಂದೂವರೆ ಪಟ್ಟಿಗೂ ಮೀರಿಯೇ ಇರುತ್ತದೆ. ಇಲ್ಲವೇ ಮೇಲಿನ ಗೇರಿನಲ್ಲಿ ಎಂಜಿನ್ನಿಗಿಂತ ದಂಡವೇ ವೇಗವಾಗಿ ತಿರುಗುವ ಓವರ್‌ಡ್ರೈವ್ ಸೌಲಭ್ಯವಿರುವ ಐದು ಗೇರಿನ ಪೆಟ್ಟಿಗೆಯನ್ನು ಕೂರಿಸಬಹುದು, 4.10ರ ಕ್ರೌನ್ ಮತ್ತು 0.73ರ ಐದನೆಯ ಗೇರು ಸೇರಿದರೆ ವೇಗದ ಮಿತಿ 120 ಕಿಲೊಮೀಟರಿನವರೆಗೆ ಏರುತ್ತದೆ. ಹೇಗಿದ್ದರೂ 142 ನ್ಯೂಟನ್ ಮೀಟರಿಗೆಂದು ಹುಟ್ಟಿದ ವಿಲ್ಲಿಸ್‌ನ ಮೂರು ಗೇರಿನ ಪೆಟ್ಟಿಗೆಯು 360ರ ಹೊಡೆತವನ್ನು ತಾಳಲಾರದು, ಅದು ಹೋಗಲೇಬೇಕು. ಪೆಟ್ಟಿಗೆ ಹೋದರೆ ಅದರ ಬೆನ್ನಿಗಂಟಿದ, ಮುಂದಿನ ಮತ್ತು ಹಿಂದಿನ ಆಕ್ಸೆಲ್ಲುಗಳಿಗೆ ಶಕ್ತಿಯನ್ನು ಹಂಚುವ ಟ್ರಾನ್ಸ್‌ಫರ್ ಕೇಸೂ ಹೋಗುತ್ತದೆ. ವಿಲ್ಲಿಸ್‌ನ ಮುಂದಿನ ಡಿಫರೆನ್ಷಿಯಲ್ ಬಲಗಡೆಗೆ ಇರುವುದರಿಂದ, ಹೊಸ ಟ್ರಾನ್ಸ್‌ಫರ್ ಕೇಸಿನ ಮುಂದಿನ ಬಾಯಿಯೂ ಬಲಗಡೆಗೇ ಇರಬೇಕು, ಇಲ್ಲದಿದ್ದರೆ ಮುಂದಿನ ಆಕ್ಸೆಲ್ಲನ್ನೂ ಕಿತ್ತುಹಾಕಬೇಕು. ನಾಲ್ಕು ಚಕ್ರ ಚಾಲನೆಯಲ್ಲಿ ಎರಡೂ ಆಕ್ಸೆಲ್ಲುಗಳ ಅನುಪಾತ ಒಂದೇ ಇರಬೇಕಾದ್ದರಿಂದ ಹಿಂದಿನ ಕ್ರೌನ್ ಬದಲಿಸಿದವರು ಮುಂದಿನದನ್ನೂ ಬದಲಿಸಬೇಕು. ಎಂಜಿನ್ನಿಗೆ ಕೊಟ್ಟ ಹಣಕ್ಕಿಂತ ಅದರ ಹಿಂದಿನ ಸಾಲಿಗೆ ಸುರಿಯುವ ಹಣ ಹೆಚ್ಚಾಗುವುದು ಹೀಗೆ.

ತೂಕ ಮತ್ತು ಕಂಪನಗಳು ಇದಕ್ಕಿಂತ ಕಠಿಣ. ಮೂಲ ಎಂಜಿನ್ನಿಗಿಂತ ನೂರು ಕಿಲೊಗೂ ಮಿಕ್ಕ ಹೆಚ್ಚುವರಿ ಭಾರವು ಮುಂದಿನ ಆಕ್ಸೆಲ್ಲಿನ ಮೇಲೆ ಕುಳಿತು ಪಟ್ಟಿ ಸ್ಪ್ರಿಂಗುಗಳು ಕುಸಿಯುತ್ತವೆ, ಪವರ್ ಸ್ಟಿಯರಿಂಗ್ ಇಲ್ಲದ ಹಳೆಯ ಸ್ಟಿಯರಿಂಗು ನಿಂತಲ್ಲಿ ತಿರುಗದಷ್ಟು ಬಿಗಿಯಾಗುತ್ತದೆ. ಸ್ಪ್ರಿಂಗಿಗೆ ಒಂದೆರಡು ಪಟ್ಟಿ ಸೇರಿಸಿ ಇದನ್ನು ಸರಿದೂಗಿಸಬಹುದಾದರೂ ಕಂಪನಕ್ಕೆ ಅಷ್ಟು ಸುಲಭದ ಮದ್ದಿಲ್ಲ. ಸಾಲಾಗಿ ನಿಂತ ನಾಲ್ಕು ಸಿಲಿಂಡರುಗಳಲ್ಲಿ ಎರಡು ಪಿಸ್ಟನ್ನುಗಳು ಮೇಲೇರುವಾಗ ಎರಡು ಕೆಳಗಿಳಿದು ಒಂದರ ಜಡತೆಯನ್ನು ಇನ್ನೊಂದು ಕಳೆಯುವಂತೆ ಕಂಡರೂ, ಕನೆಕ್ಟಿಂಗ್ ರಾಡಿನ ಓರೆಯ ದೆಸೆಯಿಂದ ಮೇಲಿನ ಅರ್ಧ ಸುತ್ತಿನ ಚಲನೆ ಕೆಳಗಿನ ಅರ್ಧ ಸುತ್ತಿನ ಚಲನೆಗೆ ಸಮನಾಗುವುದಿಲ್ಲ. ಆ ವ್ಯತ್ಯಾಸವು ಪ್ರತಿ ಸುತ್ತಿಗೆ ಎರಡು ಬಾರಿಯಂತೆ ಇಡೀ ಎಂಜಿನ್ನನ್ನು ಮೇಲೆ ಕೆಳಗೆ ಕುಲುಕುತ್ತದೆ. ಪಿಸ್ಟನ್ನು ಭಾರವಾದಷ್ಟೂ, ಅದರ ಓಟ ಉದ್ದವಾದಷ್ಟೂ ಈ ಕುಲುಕಾಟ ಹೆಚ್ಚು. 4ಬಿಟಿಯ ಪಿಸ್ಟನ್ನಿನ ವ್ಯಾಸ 102 ಮಿಲಿಮೀಟರ್, ಓಟ 120 ಮಿಲಿಮೀಟರ್. ಮಾಲು ತುಂಬುವ ವ್ಯಾನಿನಲ್ಲಿ ಯಾರೂ ಲೆಕ್ಕಿಸದ ಆ ನಡುಕವು ತೆಳು ತಗಡಿನ, ಚಪ್ಪಟೆ ಗಾಜುಗಳ ವ್ಯಾಗನ್ನಿನಲ್ಲಿ ಕನ್ನಡಿಯನ್ನು ಮಸುಕಾಗಿಸಿ, ಬಾಗಿಲುಗಳನ್ನು ಗಲಗಲ ಎನ್ನಿಸಿ, ಎಂಜಿನ್ನನ್ನು ರಬ್ಬರಿಲ್ಲದೆ ಬಿಗಿದಿದ್ದರೆ ಚಾಸಿಗೆ ಬೆಸೆದ ಮೌಂಟಿಂಗ್‌ಗಳ ಬುಡವನ್ನೇ ಸೀಳುತ್ತದೆ.

ಈ ಕಾರಣಗಳಿಂದ, ಮೆಚ್ಚುವವರು ಎಷ್ಟೇ ಇರಲಿ, 4ಬಿಟಿಯು ವಿಲ್ಲಿಸ್ ವ್ಯಾಗನ್ನಿಗೆ ತಪ್ಪು ಆಯ್ಕೆ ಎಂದೇ ಹೇಳಬೇಕು. ಅದಕ್ಕಿಂತ ಮೇಲಾದದ್ದು ಮರ್ಸಿಡಿಸ್-ಬೆಂಜ್ ಕಂಪನಿಯ ಓಎಂ 617 ಎಂಬ ಐದು ಸಿಲಿಂಡರಿನ ಮೂರು ಲೀಟರ್ ಎಂಜಿನ್. 1974ರಲ್ಲಿ ಕಾರಿಗೆ ಬಂದ ಈ ಎಂಜಿನ್ನಿಗೆ ಆ ದಶಕದ ಕೊನೆಯಲ್ಲಿ ಟರ್ಬೊ ಸೇರಿತು. ಇದೂ ಪೂರ್ಣ ಯಾಂತ್ರಿಕ, ಇದೂ ಲಕ್ಷಗಟ್ಟಲೆ ಕಿಲೊಮೀಟರ್ ಬಾಳುವ ಜಾತಿ; ಆದರೆ ಕಾರಿಗೆಂದೇ ಹುಟ್ಟಿದ್ದರಿಂದ 4ಬಿಟಿಗಿಂತ ಸಾಕಷ್ಟು ಹಗುರ, ಮತ್ತು ಸುತ್ತುಗಳು ನಾಲ್ಕು ಸಾವಿರವನ್ನು ನಿರಾಯಾಸವಾಗಿ ದಾಟುತ್ತವೆ. ಹಾಗಾಗಿ ಮೇಲಿನ ಲೆಕ್ಕದಲ್ಲಿ ಇದು ಮೂಲ ಎಂಜಿನ್ನಿನ ಜಾಗದಲ್ಲೇ ನಿಲ್ಲುತ್ತದೆ, ಹಳೆಯ ಆಕ್ಸೆಲ್ಲಿನ ಅನುಪಾತವನ್ನು ಬದಲಿಸಲೇಬೇಕೆಂಬ ಒತ್ತಾಯವಿಲ್ಲ. ಐದು ಸಿಲಿಂಡರುಗಳಲ್ಲಿ ಮೇಲೆ ಕೆಳಗಿನ ಜಡತೆಯ ಬಲಗಳು ತಮ್ಮತಮ್ಮೊಳಗೇ ಕಳೆದುಹೋಗಿ ಹಿಂದುಮುಂದಿನ ಓಲಾಟವೊಂದು ಉಳಿಯುವುದರಿಂದ, ರಬ್ಬರಿನ ಮೌಂಟಿಂಗ್‌ಗಳು ಅದನ್ನು ನುಂಗಿಕೊಳ್ಳಬಲ್ಲವು. ಎಂಜಿನ್ನಿನ ಉದ್ದದ ಬಗ್ಗೆಯೂ ಅಂಜಬೇಕಿಲ್ಲ, ಏಕೆಂದರೆ ವಿಲ್ಲಿಸ್ ಕಂಪನಿ ತಾನೇ 1954ರಿಂದ ಇದೇ ವ್ಯಾಗನ್ನಿನಲ್ಲಿ 3.7 ಲೀಟರಿನ ಆರು ಸಿಲಿಂಡರಿನ ನೀಳ ಎಂಜಿನ್ನನ್ನು ಕೂರಿಸಿ ಮಾರಿತ್ತು. ಭಾರತದ ಓದುಗರಿಗೆ ಈ ವಂಶ ಅಪರಿಚಿತವಲ್ಲ. ಇದರ ನಾಲ್ಕು ಸಿಲಿಂಡರಿನ ತಮ್ಮನಾದ 2.4 ಲೀಟರಿನ ಓಎಂ 616 ಎಂಜಿನ್ನನ್ನು ಬಜಾಜ್ ಟೆಂಪೊ ಕಂಪನಿ ಪರವಾನಗಿಯಡಿ ತಯಾರಿಸಿ ತನ್ನ ಟ್ರ್ಯಾಕ್ಸ್ ಮತ್ತು ಟ್ರಾವೆಲರ್ ವಾಹನಗಳಿಗೆ ಬಳಸಿತು. ಇಂಥ ಬದಲಾವಣೆಗೆಂದೇ ಕಮಿನ್ಸ್ ಕಂಪನಿ 2017ರ ಸುಮಾರಿಗೆ ಮಾರಾಟಕ್ಕಿಟ್ಟ ಆರ್ 2.8 ಎಂಬ ಹೊಸ ಎಂಜಿನ್ನು 161 ಅಶ್ವಶಕ್ತಿಯದಾಗಿದ್ದು ತೂಕದಲ್ಲೂ ಹಗುರ. ಆದರೆ ಅದರ ವಿದ್ಯುನ್ಮಾನ ನಿಯಂತ್ರಣವೂ ಬೆಲೆಯೂ ಗುಜರಿಯ ಸರಳತೆಯನ್ನು ಬಯಸುವವರಿಗೆ ಒಗ್ಗುವಂಥದಲ್ಲ.

ಎಂಜಿನ್ನು ಕುಳಿತ ಮೇಲೆ ಸಣ್ಣ ಸಂಗತಿಗಳ ಸರದಿ ಬರುತ್ತದೆ. ಹಳೆಯ ವಿಲ್ಲಿಸ್‌ನ ವೈಪರುಗಳು ಪೆಟ್ರೋಲ್ ಎಂಜಿನ್ನಿನ ಗಾಳಿದಾರಿಯಲ್ಲಿ ಥ್ರಾಟಲಿನ ಹಿಂದೆ ಹುಟ್ಟುವ ನಿರ್ವಾತದಿಂದ ಆಡುತ್ತಿದ್ದವು. ಥ್ರಾಟಲ್ ಇಲ್ಲದ ಡೀಸೆಲ್‌ನಲ್ಲಿ ನಿರ್ವಾತ ಹುಟ್ಟುವುದಿಲ್ಲವಾದ್ದರಿಂದ ಮೊದಲ ಮಳೆಗೆ ವೈಪರು ಅಲುಗುವುದಿಲ್ಲ. ಓಎಂ 617ರಲ್ಲಿ ಎಂಜಿನ್ನಿನಿಂದಲೇ ಓಡುವ ನಿರ್ವಾತ ಪಂಪು ಇದ್ದು, ಎಂಜಿನ್ನನ್ನು ನಿಲ್ಲಿಸುವ ಕೆಲಸವೂ ಅದೇ ನಿರ್ವಾತದಿಂದ ಆಗುತ್ತದೆ. ವೈಪರಿಗೂ ಬ್ರೇಕಿನ ಬೂಸ್ಟರಿಗೂ ಅದರಿಂದಲೇ ಒಂದು ಕವಲು ತೆಗೆಯಬಹುದು. ಆರಂಭದ ವರ್ಷಗಳ ವ್ಯಾಗನ್ನುಗಳ 6 ವೋಲ್ಟ್ ವಿದ್ಯುತ್ ವ್ಯವಸ್ಥೆಯು ಡೀಸೆಲ್ ಎಂಜಿನ್ನಿನ ಸೆಲ್ಫ್ ಮೋಟರನ್ನು ತಿರುಗಿಸಲಾರದು. ವೈರಿಂಗು, ಬಲ್ಬು, ಡೈನಮೊ ಎಲ್ಲವನ್ನೂ 12 ವೋಲ್ಟಿಗೆ ಬದಲಿಸಬೇಕು. ಕಾರ್ಬ್ಯುರೇಟರಿಗೆ ಒಂದೇ ಪೈಪು ಸಾಕಾಗಿತ್ತು. ಡೀಸೆಲ್ ಪಂಪು ಮತ್ತು ನಾಝಲುಗಳಲ್ಲಿ ಮಿಕ್ಕ ಇಂಧನ ಟ್ಯಾಂಕಿಗೆ ಮರಳಲು ಎರಡನೆಯ ಪೈಪು ಬೇಕು. ದಶಕಗಳ ಪೆಟ್ರೋಲು ಟ್ಯಾಂಕಿನ ಒಳಮೈಗೆ ಅಂಟಿಸಿದ ಅರಗಿನಂಥ ಪದರ ಮತ್ತು ತುಕ್ಕನ್ನು ಡೀಸೆಲ್ ಕರಗಿಸಿ ಎಬ್ಬಿಸಿ ಫಿಲ್ಟರು ಕಟ್ಟಿಸುತ್ತದೆ, ಫಿಲ್ಟರು ಕಟ್ಟಿದರೆ ಪೈಪಿನೊಳಗೆ ಗಾಳಿ ಹಿಡಿದು ಎಂಜಿನ್ನು ನಡುದಾರಿಯಲ್ಲಿ ನಿಲ್ಲುತ್ತದೆ. ಟ್ಯಾಂಕನ್ನು ಮೊದಲೇ ತೊಳೆಸುವುದು ಅಥವಾ ಹೊಸದು ಮಾಡಿಸುವುದು ಕಡ್ಡಾಯವೆಂದೇ ತಿಳಿಯಬೇಕು. ಒಂದೇ ಮಾಸ್ಟರ್ ಸಿಲಿಂಡರಿನ ಹಳೆಯ ಡ್ರಂ ಬ್ರೇಕುಗಳಲ್ಲಿ ಎಲ್ಲೋ ಒಂದು ಕಡೆ ಎಣ್ಣೆ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕು ಹೋಗುತ್ತದೆ. ಹೆಚ್ಚಿದ ಭಾರ ಮತ್ತು ವೇಗಕ್ಕೆ ಅದನ್ನು ಎರಡು ಭಾಗದ ಮಾಸ್ಟರ್ ಸಿಲಿಂಡರಿಗೂ, ಮುಂದಿನ ಡಿಸ್ಕ್ ಬ್ರೇಕಿಗೂ ಬದಲಿಸದೆ ವಾಹನವನ್ನು ರಸ್ತೆಗಿಳಿಸುವುದು ಜೀವದ ಜೊತೆ ಆಟ.

ಇಷ್ಟೆಲ್ಲ ಮಾಡಿದವರಿಗೆ ಇಂಧನದ ಉಳಿತಾಯದಿಂದ ಖರ್ಚು ಮರಳುತ್ತದೆಯೇ ಎಂದರೆ, ವರ್ಷಕ್ಕೆ ಕೆಲವೇ ಸಾವಿರ ಕಿಲೊಮೀಟರ್ ಓಡುವ ಹವ್ಯಾಸದ ವಾಹನದಲ್ಲಿ ಆ ಮಾತೇ ಏಳುವುದಿಲ್ಲ. ಹೊರೆ ಎಳೆಯುತ್ತಾ, ಗುಡ್ಡ ಹತ್ತುತ್ತಾ, ದೂರದ ಊರುಗಳಿಗೆ ನಿಜವಾಗಿ ಓಡುವ ವ್ಯಾಗನ್ನಿಗೆ ಮಾತ್ರ ಡೀಸೆಲ್ ಸಾರ್ಥಕ. ಪ್ರದರ್ಶನಕ್ಕೆ ನಿಲ್ಲುವ, ಮೂಲ ಎಂಜಿನ್ನು ಇನ್ನೂ ಓಡುತ್ತಿರುವ ವ್ಯಾಗನ್ನನ್ನು ಹಾಗೇ ಬಿಡುವುದು ಲೇಸು. ಬದಲಿಸಲೇಬೇಕೆಂದಿದ್ದರೂ ಚಾಸಿಯನ್ನು ಕತ್ತರಿಸದೆ, ಬೋಲ್ಟಿನಿಂದ ಬಿಗಿಯುವ ಮೌಂಟಿಂಗ್‌ಗಳನ್ನೇ ಮಾಡಿಸಿ, ಕಳಚಿದ ಎಂಜಿನ್ನನ್ನು ಎಣ್ಣೆ ತುಂಬಿ ಕಾಪಿಡುವುದು ವಿವೇಕ.

ಕಾನೂನಿನ ಮಾತು ದೇಶದಿಂದ ದೇಶಕ್ಕೆ ಬೇರೆ. ವಾಹನಗಳ ಹೊಗೆಯ ಬಗ್ಗೆ ಅಮೆರಿಕದಲ್ಲೇ ಅತಿ ಕಟ್ಟುನಿಟ್ಟಾದ ಕ್ಯಾಲಿಫೋರ್ನಿಯದಲ್ಲೂ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ವಾಹನಗಳಿಗೆ ನಿಯತಕಾಲಿಕ ಹೊಗೆ ತಪಾಸಣೆಯಿಂದ ವಿನಾಯಿತಿ ಇದ್ದು, ವಿಲ್ಲಿಸ್‌ನಂಥ ಹಳೆಯ ವಾಹನಗಳ ಒಡೆಯರಿಗೆ ಒಂದಿಷ್ಟು ಸಡಿಲವಿದೆ. ಭಾರತದಲ್ಲಿ ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ ಮತ್ತು ಇಂಧನದ ಬಗೆ ಎರಡೂ ನಮೂದಾಗಿರುತ್ತವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಆ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯ ತೀರ್ಪಿನಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿದಿದೆ. ಆದ್ದರಿಂದ ಮೇಸ್ತ್ರಿಯ ಬಳಿ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗಬೇಕು. ಇದರ ಜೊತೆಗೆ, ಕೇಂದ್ರ ಸರಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಐವತ್ತು ವರ್ಷ ಮೀರಿದ ವಾಹನವು ವಿಂಟೇಜ್ ಎಂದು ನೋಂದಣಿ ಪಡೆಯಬೇಕಾದರೆ ಅದು ಮೂಲ ರೂಪದಲ್ಲೇ ಇರಬೇಕು. ಚಾಸಿ, ಗೂಡು ಅಥವಾ ಎಂಜಿನ್ನನ್ನು ಗಣನೀಯವಾಗಿ ಮಾರ್ಪಡಿಸಿದ ವಾಹನಕ್ಕೆ ಆ ಮನ್ನಣೆ ಸಿಗುವುದಿಲ್ಲ.